ಚಂದಾ ಹಣ ಆದಾಯವಲ್ಲ, ಸಾಲ: ಒಂದೇ ವಿಷಯದ ಸಣ್ಣ ಪತ್ರಿಕೆಯನ್ನು ಆರಂಭಿಸಿ ಉಳಿಸಿಕೊಳ್ಳುವ ಬಗೆ

ಕನ್ನಡದ ಸಣ್ಣ ಪತ್ರಿಕೆಗಳು ಸಾಯುವ ರೀತಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಮೊದಲ ಸಂಚಿಕೆ ಬಿಡುಗಡೆಯ ಸಮಾರಂಭದೊಂದಿಗೆ, ಹಿರಿಯರೊಬ್ಬರ ಹಾರೈಕೆಯೊಂದಿಗೆ, ಆರ್ಟ್ ಪೇಪರಿನ ಹೊದಿಕೆಯೊಂದಿಗೆ ಬರುತ್ತದೆ. ನಾಲ್ಕನೆಯದು ಹದಿನೈದು ದಿನ ತಡವಾಗುತ್ತದೆ. ಏಳು ಮತ್ತು ಎಂಟನ್ನು ಸೇರಿಸಿ ಒಂದು ‘ಜಂಟಿ ಸಂಚಿಕೆ’ ಹೊರಡುತ್ತದೆ. ಜಂಟಿ ಸಂಚಿಕೆ ಎಂಬ ಮಾತು ಹೊದಿಕೆಯ ಮೇಲೆ ಕಾಣಿಸಿಕೊಂಡ ಪತ್ರಿಕೆ ಎರಡನೆಯ ವರ್ಷವನ್ನು ಪೂರೈಸಿದ್ದನ್ನು ನಾನು ಕಂಡದ್ದು ಕಡಿಮೆ. ಇಂತಹ ಪತ್ರಿಕೆಗಳಲ್ಲಿ ಹೆಚ್ಚಿನವು ಬರಹ ಕೆಟ್ಟದ್ದಾಗಿದ್ದರಿಂದ ನಿಂತವಲ್ಲ; ಹನ್ನೆರಡು ಸಂಚಿಕೆಗಳಿಗೆಂದು ಓದುಗರು ಮುಂಗಡವಾಗಿ ಕೊಟ್ಟ ಹಣವನ್ನು ಮೊದಲ ಐದು ಸಂಚಿಕೆಗಳಿಗೇ ಖರ್ಚು ಮಾಡಿದ್ದರಿಂದ ನಿಂತವು. ಹಲವು ವರ್ಷ ಒಂದು ಸಣ್ಣ ಮಾಸಿಕದ ಕೆಲಸದಲ್ಲಿ ಕಲಿತದ್ದರ ಆಧಾರದಿಂದ, ಹೊಸದಾಗಿ ಈ ಉದ್ಯಮಕ್ಕೆ ಇಳಿಯುವವರು ಯಾವ ಕೆಲಸವನ್ನು ಯಾವುದರ ನಂತರ ಮಾಡಬೇಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆಂದು ಜೇನು ಸಾಕಣೆಯ ಕುರಿತಾದ ಒಂದು ಕಾಲ್ಪನಿಕ ಮಾಸಿಕವನ್ನು ಇಟ್ಟುಕೊಳ್ಳೋಣ. ವಿಷಯ ಯಕ್ಷಗಾನವಾಗಲಿ, ಕೈಮಗ್ಗವಾಗಲಿ, ತಾರಸಿ ತೋಟವಾಗಲಿ, ಲೆಕ್ಕ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ಹೆಸರಿಗಿಂತ ಮುಂಚೆ ವಿಳಾಸಗಳು

ಪತ್ರಿಕೆಗೆ ಏನು ಹೆಸರಿಡಬೇಕೆಂದು ಯೋಚಿಸುವ ಮೊದಲು ಅದನ್ನು ಯಾರ ಮನೆಗೆ ಕಳುಹಿಸಬೇಕೆಂಬ ಪಟ್ಟಿ ಮಾಡಬೇಕು. ‘ಆರೋಗ್ಯ’, ‘ಕೃಷಿ’, ‘ಮಹಿಳೆ’ ಎಂಬವು ಸಣ್ಣ ಪತ್ರಿಕೆಯ ವಿಷಯಗಳಲ್ಲ, ಏಕೆಂದರೆ ಆ ಓದುಗರು ಎಲ್ಲೆಡೆ ಇದ್ದಾರೆ, ಎಲ್ಲಿಯೂ ಒಟ್ಟಾಗಿ ಸಿಗುವುದಿಲ್ಲ. ಜೇನು ಸಾಕುವವರು ಹಾಗಲ್ಲ. ಅವರು ಸಹಕಾರ ಸಂಘಗಳಲ್ಲಿ ಸದಸ್ಯರಾಗಿರುತ್ತಾರೆ, ತೋಟಗಾರಿಕೆ ಇಲಾಖೆಯ ತರಬೇತಿಗೆ ಬರುತ್ತಾರೆ, ಜೇನುಪೆಟ್ಟಿಗೆ ಮಾಡುವ ಬಡಗಿಯ ಅಂಗಡಿಯಲ್ಲಿ ಭೇಟಿಯಾಗುತ್ತಾರೆ. ಒಂದು ವಿಷಯದ ಓದುಗರು ಒಟ್ಟುಸೇರುವ ಇಂತಹ ಮೂರು ಜಾಗಗಳನ್ನು ನೀವು ತಡವರಿಸದೆ ಹೇಳಬಲ್ಲಿರಾದರೆ ಆ ವಿಷಯದ ಮೇಲೆ ಪತ್ರಿಕೆ ನಡೆಸಬಹುದು.

ಎರಡನೆಯ ಪರೀಕ್ಷೆ ಇನ್ನಷ್ಟು ಕಠಿಣವಾದದ್ದು: ಆ ಓದುಗರಿಗೆ ಬೇರೆಡೆ ಸಿಗದ ಯಾವ ಮಾಹಿತಿ ನಿಮ್ಮಲ್ಲಿ ಸಿಗಬೇಕು? 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಹಬ್ಬಿ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಕುಟುಂಬಗಳು, ಅಂದರೆ ಒಂದೊಂದು ಗೂಡಿನ ಜೇನುನೊಣಗಳ ಗುಂಪುಗಳು, ಅಪಾರ ಸಂಖ್ಯೆಯಲ್ಲಿ ನಾಶವಾದವು. ಪೆಟ್ಟಿಗೆಗಳು ಖಾಲಿಯಾದಾಗ ಮಲೆನಾಡಿನ ಸಾಕಣೆದಾರನಿಗೆ ಬೇಕಾಗಿದ್ದದ್ದು ಜೇನಿನ ಮಹಿಮೆಯ ಕುರಿತ ಲೇಖನವಲ್ಲ. ಪಕ್ಕದ ತಾಲ್ಲೂಕಿನಲ್ಲಿ ಯಾರ ಕುಟುಂಬಗಳು ಉಳಿದಿವೆ, ಅವರು ಏನು ಮಾಡಿದರು ಎಂಬ ಸುದ್ದಿ. ಇಂತಹ ಸುದ್ದಿಗಾಗಿ ಜನ ಹಣ ಕೊಡುತ್ತಾರೆ. ಪ್ರಬಂಧಕ್ಕೆ ಮೆಚ್ಚುಗೆ ಕೊಡುತ್ತಾರೆ, ಅಷ್ಟೆ.

ಈ ಮಾತಿಗೆ ಕನ್ನಡದಲ್ಲೇ ದೊಡ್ಡ ಆಧಾರವಿದೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಡುವುದನ್ನೇ ತನ್ನ ನೀತಿಯಾಗಿ ಇಟ್ಟುಕೊಂಡಿತು. ಬೆಳೆಗಾರನೇ ಬರೆದ, ಬೆಳೆಗಾರನೇ ಪ್ರಶ್ನೆ ಕೇಳಿದ, ಬೆಳೆಗಾರನೇ ಉತ್ತರಿಸಿದ ಪುಟಗಳು ಅದಕ್ಕೆ ದೊರೆತದ್ದು ಆ ನೀತಿಯಿಂದ. ಓದುಗನೇ ವರದಿಗಾರನೂ ಆಗುವ ವಿಷಯವನ್ನು ಆರಿಸಿಕೊಂಡವರಿಗೆ ಬರಹದ ಕೊರತೆ ಬಾಧಿಸುವುದು ಕಡಿಮೆ.

ಎರಡನೆಯ ಹೆಜ್ಜೆ: ಪತ್ರಿಕೆಗೆ ಮುಂಚೆ ಒಂದು ಕಿರುಹೊತ್ತಿಗೆ

ಪಟ್ಟಿಯಲ್ಲಿ ಐನೂರು ಹೆಸರುಗಳು ಸೇರಿದ ಮೇಲೆ ನೇರವಾಗಿ ಪತ್ರಿಕೆಗೆ ಹೋಗಬೇಡಿ. ಅದೇ ವಿಷಯದ ಮೇಲೆ 32 ಪುಟಗಳ ಒಂದು ಕಿರುಹೊತ್ತಿಗೆಯನ್ನು ಅಚ್ಚು ಹಾಕಿಸಿ, ಬೆಲೆ ಇಟ್ಟು ಮಾರಿ ನೋಡಿ. ಇದು ಪುಸ್ತಕವೇ ಹೊರತು ನಿಯತಕಾಲಿಕವಲ್ಲವಾದ್ದರಿಂದ ಪತ್ರಿಕೆಯ ನೋಂದಣಿ ಬೇಕಾಗುವುದಿಲ್ಲ. 2025ರ ಮೇ ತಿಂಗಳಿನಿಂದ ಅಂಚೆ ಇಲಾಖೆ ಆರಂಭಿಸಿರುವ ಜ್ಞಾನ್ ಪೋಸ್ಟ್ ಸೇವೆಯಲ್ಲಿ ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಮತ್ತು ಧಾರ್ಮಿಕ ಪುಸ್ತಕಗಳನ್ನು 300 ಗ್ರಾಂವರೆಗೆ 20 ರೂಪಾಯಿಗೆ ಕಳುಹಿಸಬಹುದು; ಜಾಹೀರಾತು ತುಂಬಿದ ಪ್ರಕಟಣೆಗಳಿಗೆ ಆ ಸೌಲಭ್ಯ ಸಿಗುವುದಿಲ್ಲ.

ಕಿರುಹೊತ್ತಿಗೆಯ ಕೊನೆಯ ಪುಟದಲ್ಲಿ ಒಂದೇ ಕೋರಿಕೆ ಇರಲಿ: ಈ ವಿಷಯದ ಮಾಸಿಕವೊಂದು ಬಂದರೆ ವರ್ಷಕ್ಕೆ ಇಷ್ಟು ಚಂದಾ ಕೊಟ್ಟು ತರಿಸಿಕೊಳ್ಳುತ್ತೀರಾ? ‘ಹೌದು’ ಎಂದವರ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿಕೊಳ್ಳಿ. ಕನ್ನಡಿಗರು ಪತ್ರಿಕೆಯ ವಿಷಯದಲ್ಲಿ ‘ಇಲ್ಲ’ ಎಂದು ಮುಖದ ಮೇಲೆ ಹೇಳುವ ಜನರಲ್ಲ.

ಮೂರನೆಯ ಹೆಜ್ಜೆ: ಅವಧಿ, ಆಕಾರ ಮತ್ತು ತೂಕ

ಮಾಸಿಕವೋ ತ್ರೈಮಾಸಿಕವೋ ಎಂಬ ಪ್ರಶ್ನೆಯನ್ನು ಹೊಸಬರು ಬರಹದ ಲಭ್ಯತೆಯ ದೃಷ್ಟಿಯಿಂದ ಮಾತ್ರ ನೋಡುತ್ತಾರೆ. ಅದನ್ನು ಅಂಚೆಯ ದೃಷ್ಟಿಯಿಂದಲೂ ನೋಡಬೇಕು. ನೋಂದಾಯಿತ ಪತ್ರಿಕೆಗಳಿಗೆ ಅಂಚೆ ಇಲಾಖೆ ಕೊಡುತ್ತಾ ಬಂದಿರುವ ರಿಯಾಯಿತಿ ದರ ದಶಕಗಳಿಂದ 50 ಗ್ರಾಂವರೆಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ ಎಂಬಷ್ಟು ಕಡಿಮೆಯದಾಗಿದೆ. ಆದರೆ ಅದಕ್ಕೆ ಅರ್ಹತೆ ಪಡೆಯಲು ಪತ್ರಿಕೆಯ ಎರಡು ಸಂಚಿಕೆಗಳ ನಡುವಣ ಅಂತರ 31 ದಿನಗಳನ್ನು ಮೀರಬಾರದು, ನಿಜವಾದ ಚಂದಾದಾರರ ಪಟ್ಟಿ ಇರಬೇಕು, ಸುದ್ದಿ ಅಥವಾ ಪ್ರಚಲಿತ ವಿಷಯಗಳು ಪತ್ರಿಕೆಯ ಮುಖ್ಯ ಭಾಗವಾಗಿರಬೇಕು ಎಂಬ ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಅಂದರೆ ದ್ವೈಮಾಸಿಕ, ತ್ರೈಮಾಸಿಕಗಳು ಈ ಬಾಗಿಲಿನಿಂದ ಹೊರಗೇ ಉಳಿಯುತ್ತವೆ. ಜೇನಿನ ಮಾಸಿಕದಲ್ಲಿ ಕೇವಲ ಸಾರ್ವಕಾಲಿಕ ಲೇಖನಗಳನ್ನು ತುಂಬದೆ, ಜೇನುತುಪ್ಪದ ಧಾರಣೆ, ಹೂಬಿಡುವ ಕಾಲದ ಏರುಪೇರು, ರೋಗದ ವರದಿ, ತರಬೇತಿಗಳ ಸುದ್ದಿ ಇವುಗಳಿಗೆ ಜಾಗ ಕೊಡುವುದು ಓದುಗರಿಗೂ ಒಳ್ಳೆಯದು, ಈ ಅರ್ಹತೆಗೂ ಒಳ್ಳೆಯದು. ಅರ್ಜಿ ಹಾಕುವ ಮುಂಚೆ ನಿಮ್ಮ ವಿಭಾಗದ ಅಂಚೆ ಅಧೀಕ್ಷಕರ ಕಚೇರಿಗೆ ಹೋಗಿ ಆ ದಿನ ಜಾರಿಯಲ್ಲಿರುವ ದರ ಮತ್ತು ನಿಯಮವನ್ನು ಬರಹದಲ್ಲಿ ಪಡೆದುಕೊಳ್ಳಿ. ಕೌಂಟರಿನಲ್ಲಿ ಕುಳಿತವರಿಗೆ ಇದು ತಿಂಗಳಿಗೊಮ್ಮೆ ಬರುವ ಕೆಲಸವಾದ್ದರಿಂದ ಅವರ ನೆನಪನ್ನು ನೆಚ್ಚಿಕೊಳ್ಳಬಾರದು.

ಆಕಾರದ ವಿಷಯದಲ್ಲಿ ಮುದ್ರಣಾಲಯದ ಯಂತ್ರ ಏನು ಹೇಳುತ್ತದೋ ಅದನ್ನು ಕೇಳಬೇಕು. ಒಂದು ಫಾರಂ, ಅಂದರೆ ಯಂತ್ರದಲ್ಲಿ ಒಮ್ಮೆಗೆ ಅಚ್ಚಾಗುವ ದೊಡ್ಡ ಹಾಳೆ, ಸಾಮಾನ್ಯವಾಗಿ 16 ಪುಟ. ಹೀಗಾಗಿ 48 ಪುಟಗಳ ಪತ್ರಿಕೆ ಸಲೀಸಾಗಿ ಮೂರು ಫಾರಂಗಳಲ್ಲಿ ಮುಗಿಯುತ್ತದೆ, 52 ಪುಟ ಎಂದರೆ ನಾಲ್ಕು ಪುಟಕ್ಕಾಗಿ ಬೇರೆಯೇ ಪ್ಲೇಟು, ಬೇರೆಯೇ ಓಟ. ಬರಹ ಹೆಚ್ಚಾಯಿತೆಂದು ನಾಲ್ಕು ಪುಟ ಸೇರಿಸುವ ಸಂಪಾದಕರಿಗೆ ಬಿಲ್ಲು ಬಂದಾಗಲೇ ಇದು ತಿಳಿಯುತ್ತದೆ. 64 ಪುಟದವರೆಗಿನ ಪತ್ರಿಕೆಗೆ ನಡುವೆ ಪಿನ್ ಹೊಡೆಯುವುದೇ ಸಾಕು. ಬೆನ್ನಿಗೆ ಅಂಟು ಹಾಕಿಸಿದರೆ ಪುಸ್ತಕದಂತೆ ಕಾಣುತ್ತದೆ ನಿಜ, ಆದರೆ ತೋಟದಲ್ಲಿ ಕುಳಿತು ಬಿಡಿಸಿಟ್ಟು ಓದಲು ಬರುವುದಿಲ್ಲ.

ತೂಕವನ್ನು ಮುದ್ರಣಕ್ಕೆ ಮುಂಚೆಯೇ ಲೆಕ್ಕ ಹಾಕಬಹುದು. 18 ಸೆಂಟಿಮೀಟರ್ ಅಗಲ, 24 ಸೆಂಟಿಮೀಟರ್ ಎತ್ತರದ 48 ಪುಟಗಳೆಂದರೆ 24 ಹಾಳೆಗಳು. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಕಾಗದದಲ್ಲಿ ಅವುಗಳ ತೂಕ ಸುಮಾರು 73 ಗ್ರಾಂ. 170 ಜಿಎಸ್‌ಎಂ ಹೊದಿಕೆಯ ಎರಡು ಹಾಳೆ ಸುಮಾರು 15 ಗ್ರಾಂ. ಸುತ್ತುವ ಕಾಗದ, ವಿಳಾಸದ ಚೀಟಿ ಸೇರಿದರೂ 100 ಗ್ರಾಂ ಒಳಗೇ ಉಳಿಯುತ್ತದೆ. ಒಳಪುಟಕ್ಕೆ 80 ಜಿಎಸ್‌ಎಂ ಹಾಕಿದರೆ ಒಟ್ಟು 98 ಗ್ರಾಂಗೆ ಬಂದು, ಸುತ್ತಿದ ಮೇಲೆ ಗಡಿ ದಾಟುವ ಸಂಭವವಿದೆ. ಒಳಪುಟ ಕಪ್ಪು ಬಿಳುಪಿನದಾಗಿರಲಿ, ಬಣ್ಣ ಹೊದಿಕೆಗೆ ಸೀಮಿತವಾಗಿರಲಿ. ಜೇನುಗೂಡಿನ ರೋಗದಂತಹ, ಬಣ್ಣವಿಲ್ಲದೆ ಅರ್ಥವಾಗದ ಚಿತ್ರಗಳನ್ನು ಹೊದಿಕೆಯ ಒಳಬದಿಗಳಲ್ಲಿ ಹಾಕಬಹುದು.

ನಾಲ್ಕನೆಯ ಹೆಜ್ಜೆ: ಹಣದ ಲೆಕ್ಕ

ಇನ್ನು ಮುಂದೆ ಬರುವ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಹಿಡಿದುಕೊಂಡವು. ನಿಮ್ಮ ಊರಿನ ಮುದ್ರಣಾಲಯದ ದರವನ್ನು ಅವುಗಳ ಜಾಗದಲ್ಲಿ ಇಟ್ಟು ನೀವೇ ಮತ್ತೊಮ್ಮೆ ಮಾಡಿ ನೋಡಬೇಕು.

ಸಾವಿರ ಪ್ರತಿಗಳಿಗೆ ಕಾಗದ, ಮುದ್ರಣ, ಬೈಂಡಿಂಗ್ ಸೇರಿ 26,000 ರೂಪಾಯಿ. ಪುಟವಿನ್ಯಾಸ ಮತ್ತು ಕರಡು ತಿದ್ದುವುದಕ್ಕೆ 6,000. ಲೇಖಕರ ಗೌರವಧನ 9,000. ಸುತ್ತುವುದು, ವಿಳಾಸ ಅಂಟಿಸುವುದು, ಅಂಚೆ ಕಚೇರಿಗೆ ಸಾಗಿಸುವುದು ಮತ್ತು ಅಂಚೆ ವೆಚ್ಚ 3,000. ಫೋನು, ಓಡಾಟ, ಲೆಕ್ಕಪತ್ರ 4,000. ತಿಂಗಳಿಗೆ ಒಟ್ಟು 48,000, ವರ್ಷಕ್ಕೆ 5,76,000 ರೂಪಾಯಿ. ಸಾವಿರ ಪ್ರತಿಯಲ್ಲಿ 850 ಚಂದಾದಾರರಿಗೆ ಹೋಗುತ್ತವೆ, ಉಳಿದವು ಗೌರವ ಪ್ರತಿ, ಬಿಡಿ ಮಾರಾಟ ಮತ್ತು ತಲುಪದವರಿಗೆ ಮತ್ತೆ ಕಳುಹಿಸಲು ಎಂದುಕೊಳ್ಳೋಣ. ವಾರ್ಷಿಕ ಚಂದಾ 600 ರೂಪಾಯಿಯಾದರೆ ಬರುವುದು 5,10,000. ವರ್ಷದ ಕೊನೆಗೆ 66,000 ರೂಪಾಯಿ ಕೊರತೆ. ತಿಂಗಳಿಗೆ 5,500 ರೂಪಾಯಿ ತರುವ ಒಂದೆರಡು ಸಣ್ಣ ಜಾಹೀರಾತು ಅದನ್ನು ತುಂಬಬಹುದು.

ಆದರೆ ಈ ಲೆಕ್ಕದಲ್ಲಿ ಸಂಪಾದಕರ ಸಂಬಳ ಸೊನ್ನೆ. ಉದ್ಯಮ ಎಂದು ಕರೆಯಬೇಕಾದರೆ ಅದನ್ನೂ ಸೇರಿಸಬೇಕು. ತಿಂಗಳಿಗೆ 20,000 ರೂಪಾಯಿಯಂತೆ 2,40,000 ಸೇರಿಸಿದಾಗ ತುಂಬಬೇಕಾದ ಕೊರತೆ 3,06,000 ಆಗುತ್ತದೆ. ಸಾವಿರದ ನಂತರದ ಪ್ರತಿಗಳಿಗೆ ಪ್ಲೇಟು, ವಿನ್ಯಾಸ, ಗೌರವಧನದ ಖರ್ಚು ಮತ್ತೆ ಬೀಳುವುದಿಲ್ಲವಾದ್ದರಿಂದ ಪ್ರತಿಯೊಂದಕ್ಕೆ 18 ರೂಪಾಯಿ ಎಂದು ಹಿಡಿದರೆ, ಹೊಸ ಚಂದಾದಾರನೊಬ್ಬನಿಂದ ವರ್ಷಕ್ಕೆ ಉಳಿಯುವುದು 384 ರೂಪಾಯಿ. ಅಂದರೆ ಇನ್ನೂ ಸುಮಾರು 800 ಚಂದಾದಾರರು ಬೇಕು. ಜಾಹೀರಾತಿಲ್ಲದೆ, ಒಬ್ಬ ಸಂಪಾದಕರ ಸಾಧಾರಣ ಬದುಕನ್ನು ಹೊರುವ ಪತ್ರಿಕೆಗೆ ಈ ದರಗಳಲ್ಲಿ 1,650 ಚಂದಾದಾರರು ಬೇಕಾಗುತ್ತಾರೆ. ಹತ್ತು ಸಾವಿರದ ಕನಸೂ ಬೇಡ, ಐನೂರರ ಭಂಡಧೈರ್ಯವೂ ಬೇಡ. ಆ ಸಂಖ್ಯೆಯನ್ನು ಮೂರು ವರ್ಷಗಳಲ್ಲಿ ಮುಟ್ಟುವ ಗುರಿಯಿಟ್ಟುಕೊಂಡು, ಅಲ್ಲಿಯವರೆಗೆ ಬೇರೆ ಆದಾಯದ ದಾರಿಯನ್ನು ಬಿಡದಿರುವುದು ವಿವೇಕ.

ಇಲ್ಲಿಯೇ ಶೀರ್ಷಿಕೆಯ ಮಾತು ಬರುತ್ತದೆ. ಜನವರಿಯಲ್ಲಿ ಓದುಗರೊಬ್ಬರು 600 ರೂಪಾಯಿ ಕಳುಹಿಸಿದರೆ ಆ ದಿನ ನಿಮ್ಮದಾಗುವುದು 50 ರೂಪಾಯಿ ಮಾತ್ರ. ಉಳಿದ 550 ರೂಪಾಯಿ ನೀವು ಅವರಿಗೆ ಹನ್ನೊಂದು ಸಂಚಿಕೆಗಳ ರೂಪದಲ್ಲಿ ತೀರಿಸಬೇಕಾದ ಸಾಲ. ಆದ್ದರಿಂದ ಪತ್ರಿಕೆಗೆ ಎರಡು ಬ್ಯಾಂಕ್ ಖಾತೆಗಳಿರಲಿ: ಚಂದಾ ಎಲ್ಲವೂ ಮೊದಲನೆಯದಕ್ಕೆ ಜಮೆಯಾಗಲಿ, ಸಂಚಿಕೆ ಅಂಚೆಗೆ ಬಿದ್ದ ದಿನ ಆ ತಿಂಗಳ ಪಾಲು ಮಾತ್ರ ಎರಡನೆಯದಕ್ಕೆ ಹೋಗಲಿ, ಎಲ್ಲ ಖರ್ಚೂ ಎರಡನೆಯದರಿಂದಲೇ ನಡೆಯಲಿ. ಮೊದಲ ತಿಂಗಳುಗಳ ಮುದ್ರಣಕ್ಕೆ ಹಣ ಸಾಲದೆ ಬಂದರೆ ಅದನ್ನು ನಿಮ್ಮ ಬಂಡವಾಳದಿಂದ ಹಾಕಬೇಕು. ಆರು ಸಂಚಿಕೆಗಳ ವೆಚ್ಚದಷ್ಟು ಬಂಡವಾಳ ಕೈಯಲ್ಲಿಲ್ಲದೆ ಹೊರಡುವುದು ಬೇಡ.

ಆಜೀವ ಚಂದಾ ಎಂಬುದು ಇದೇ ಸಾಲದ ಅತಿ ಅಪಾಯಕಾರಿ ರೂಪ. 5,000 ರೂಪಾಯಿ ಕೊಟ್ಟವರಿಗೆ ಜೀವನಪರ್ಯಂತ ಪತ್ರಿಕೆ ಎಂದರೆ ಕೇಳಲು ಸೊಗಸು. ಆ ಹಣವನ್ನು ಶೇಕಡಾ 7ರ ಠೇವಣಿಯಲ್ಲಿ ಇಟ್ಟರೆ ವರ್ಷಕ್ಕೆ 350 ರೂಪಾಯಿ ಬರುತ್ತದೆ, ಇಂದಿನ ಹೆಚ್ಚುವರಿ ಪ್ರತಿಗಳ ವೆಚ್ಚಕ್ಕೆ ಅದು ಹೇಗೋ ಸಾಕು. ಆದರೆ ಕಾಗದದ ಬೆಲೆ ಏರುತ್ತದೆ, ಬಡ್ಡಿ ಏರುವುದಿಲ್ಲ. ಮೇಲಾಗಿ ಆಜೀವ ಚಂದಾದ ಹಣವನ್ನು ಠೇವಣಿ ಇಟ್ಟವರು ಯಾರು? ಅದು ಮೊದಲ ವಿಶೇಷಾಂಕದ ಬಣ್ಣದ ಪುಟಗಳಿಗೆ ಹೋಗಿರುತ್ತದೆ. ಅಭಿಮಾನದಿಂದ ದೊಡ್ಡ ಮೊತ್ತ ಕೊಡಬಯಸುವವರಿಗೆ ‘ಐದು ವರ್ಷದ ಪೋಷಕ ಚಂದಾ’ ಎಂದು ಕಾಲಮಿತಿ ಹಾಕಿ ರಸೀದಿ ಕೊಡಿ.

ಐದನೆಯ ಹೆಜ್ಜೆ: ನೋಂದಣಿ

1867ರ ಹಳೆಯ ಕಾಯ್ದೆಯ ಜಾಗದಲ್ಲಿ ಈಗ 2023ರ ಪತ್ರಿಕಾ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಇದೆ. ಅದು 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಹಿಂದೆ ಶೀರ್ಷಿಕೆ ಪಡೆದು, ಜಿಲ್ಲಾಧಿಕಾರಿಗಳ ಮುಂದೆ ಘೋಷಣೆ ಸಲ್ಲಿಸಿ, ಆಮೇಲೆ ನೋಂದಣಿಗೆ ಅಲೆಯಬೇಕಾಗಿತ್ತು. ಈಗ ಪ್ರೆಸ್ ಸೇವಾ ಪೋರ್ಟಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ಶೀರ್ಷಿಕೆಗೂ ನೋಂದಣಿಗೂ ಒಟ್ಟಿಗೇ ಅರ್ಜಿ ಹಾಕಬಹುದು. ಆರ್‌ಎನ್‌ಐ ಎಂದು ಎಲ್ಲರ ಬಾಯಲ್ಲಿ ಇದ್ದ ಕಚೇರಿಯ ಹೆಸರು ಈಗ ಭಾರತದ ಪತ್ರಿಕಾ ಮಹಾ ನೋಂದಣಾಧಿಕಾರಿ ಕಚೇರಿ, ಚಿಕ್ಕದಾಗಿ ಪಿಆರ್‌ಜಿಐ.

ತಡವಾಗುವುದು ಸಾಮಾನ್ಯವಾಗಿ ಶೀರ್ಷಿಕೆಯಲ್ಲಿ. ಕನ್ನಡದಲ್ಲಿ ದೇಶದ ಎಲ್ಲಿಯೇ ಆಗಲಿ, ಅಥವಾ ಕರ್ನಾಟಕದಲ್ಲಿ ಯಾವುದೇ ಭಾಷೆಯಲ್ಲಾಗಲಿ ಈಗಾಗಲೇ ಇರುವ ಶೀರ್ಷಿಕೆಗೆ ಹೋಲುವ ಹೆಸರು ಸಿಗುವುದಿಲ್ಲ. ‘ಸಿರಿ’, ‘ಮಿತ್ರ’, ‘ವಾಣಿ’, ‘ಪ್ರಭ’ ಸೇರಿದ ಹೆಸರುಗಳು ಎಂದೋ ಬೇರೆಯವರ ಪಾಲಾಗಿರುತ್ತವೆ. ಊರಿನ ಹೆಸರನ್ನೋ ವಿಷಯಕ್ಕೇ ವಿಶಿಷ್ಟವಾದ ಆಡುಮಾತನ್ನೋ ಸೇರಿಸಿದ ನಾಲ್ಕೈದು ಹೆಸರುಗಳನ್ನು ಪೋರ್ಟಲ್‌ನಲ್ಲಿ ಹುಡುಕಿ ನೋಡಿದ ಮೇಲೆಯೇ ಅರ್ಜಿ ತುಂಬಿ, ಹೆಸರು ಕೈಗೆ ಬರುವವರೆಗೆ ಲಾಂಛನ, ರಸೀದಿ ಪುಸ್ತಕ, ಫಲಕ ಯಾವುದನ್ನೂ ಮಾಡಿಸಬೇಡಿ. ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು, ಮುದ್ರಣವಾದ ಮತ್ತು ಪ್ರಕಟವಾದ ಸ್ಥಳ ಪ್ರತಿ ಸಂಚಿಕೆಯಲ್ಲೂ ಇರಲಿ. ವಾರ್ಷಿಕ ವಿವರಣೆ ಸಲ್ಲಿಸುವುದನ್ನು ಮರೆಯಬಾರದು. ಪಂಚಾಂಗದಲ್ಲಿ ಹಬ್ಬ ಗುರುತು ಹಾಕಿದಂತೆ ಅದನ್ನೂ ಗುರುತು ಹಾಕಿಕೊಳ್ಳಿ.

ಐಎಸ್‌ಎಸ್‌ಎನ್ ಸಂಖ್ಯೆ ಬೇರೆ, ಈ ನೋಂದಣಿ ಬೇರೆ. ಐಎಸ್‌ಎಸ್‌ಎನ್ ಗ್ರಂಥಾಲಯಗಳಲ್ಲಿ ಪತ್ರಿಕೆಯನ್ನು ಗುರುತಿಸುವ ಸಂಖ್ಯೆ, ಅದಕ್ಕೆ ಶುಲ್ಕವಿಲ್ಲ, ಆದರೆ ಅದು ಪ್ರಕಟಿಸುವ ಪರವಾನಗಿಯಲ್ಲ. ತೆರಿಗೆಯ ಮಟ್ಟಿಗೆ ಮುದ್ರಿತ ನಿಯತಕಾಲಿಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಪತ್ರಿಕೆಯ ಪುಟದಲ್ಲಿ ಜಾಹೀರಾತಿನ ಜಾಗ ಮಾರುವುದು ತೆರಿಗೆಗೆ ಒಳಪಟ್ಟ ಸೇವೆಯಾದ್ದರಿಂದ ಜಾಹೀರಾತಿನ ಆದಾಯ ಬೆಳೆಯುವ ಹೊತ್ತಿಗೆ ಲೆಕ್ಕ ಪರಿಶೋಧಕರನ್ನು ಕಾಣಬೇಕು.

ಆರನೆಯ ಹೆಜ್ಜೆ: ಬರಹ, ಅಕ್ಷರ, ಹಕ್ಕು

ಜೇನಿನ ಪತ್ರಿಕೆಯ ಸಂಪಾದಕರು ಮೊದಲು ಮಾಡಬೇಕಾದದ್ದು ಲೇಖಕರ ಪಟ್ಟಿಯಲ್ಲ, ಋತುಗಳ ಪಟ್ಟಿ. ಮಲೆನಾಡಿನ ಮಳೆಗಾಲದಲ್ಲಿ ಹೂವಿಲ್ಲದೆ ಕುಟುಂಬಗಳು ಸೊರಗುವಾಗ ಸಕ್ಕರೆ ಪಾಕ ಕೊಡುವ ಕ್ರಮದ ಲೇಖನ ಜೂನ್ ಸಂಚಿಕೆಯಲ್ಲಿ ಇರಬೇಕು. ಅದೇ ಲೇಖನ ಆಗಸ್ಟಿನಲ್ಲಿ ಬಂದರೆ ಪೆಟ್ಟಿಗೆ ಖಾಲಿಯಾದ ಮೇಲೆ ಬಂದಂತೆ. ಹೀಗೆ ಹನ್ನೆರಡು ತಿಂಗಳಿಗೂ ಓದುಗ ಆ ತಿಂಗಳು ಮಾಡಬೇಕಾದ ಕೆಲಸ ಯಾವುದೆಂದು ಬರೆದುಕೊಂಡರೆ ಪತ್ರಿಕೆಯ ಬೆನ್ನೆಲುಬು ಸಿದ್ಧವಾಗುತ್ತದೆ. ಉಳಿದ ಪುಟಗಳು ಅನುಭವ, ಸಂದರ್ಶನ, ಪ್ರಶ್ನೋತ್ತರ, ಪತ್ರಗಳಿಗೆ. ಯಾವ ಹೊತ್ತಿಗೂ ಮೂರು ಸಂಚಿಕೆಗಳಿಗೆ ಸಾಕಾಗುವಷ್ಟು, ಕಾಲದ ಹಂಗಿಲ್ಲದ ಬರಹ ಕೈಯಲ್ಲಿರಬೇಕು. ಸಂಪಾದಕರ ಮನೆಯಲ್ಲೂ ಮದುವೆ, ಕಾಯಿಲೆ, ಸಾವುಗಳು ಆಗುತ್ತವೆ.

ಬರೆಯದವರಿಂದ ಬರೆಸುವುದು ಈ ಉದ್ಯಮದ ನಿಜವಾದ ಕೌಶಲ. ಮೂವತ್ತು ವರ್ಷ ಪೆಟ್ಟಿಗೆ ನೋಡಿದವರು ‘ನನಗೆ ಬರೆಯಲು ಬರುವುದಿಲ್ಲ’ ಎನ್ನುತ್ತಾರೆ. ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆದು ಅವರ ಹೆಸರಿನಲ್ಲೇ ಹಾಕಬೇಕು. ತಿದ್ದುವಾಗ ‘ಎರಿ’ (ಜೇನುತಟ್ಟಿ) ಎಂಬಂತಹ ಆಡುಮಾತನ್ನು ಪಂಡಿತಗನ್ನಡಕ್ಕೆ ಬದಲಾಯಿಸುವ ಚಪಲವನ್ನು ಹತ್ತಿಕ್ಕಿಕೊಳ್ಳಬೇಕು. ಗೌರವಧನ ಚಿಕ್ಕದಾದರೂ ಸಂಚಿಕೆ ಹೊರಬಂದ ವಾರದೊಳಗೆ ತಲುಪಲಿ. ಮೂರು ತಿಂಗಳ ನಂತರ ಬರುವ ಸಾವಿರ ರೂಪಾಯಿಗಿಂತ ತಕ್ಷಣ ಬರುವ ಐನೂರು ಲೇಖಕರನ್ನು ಉಳಿಸುತ್ತದೆ.

ಹಕ್ಕಿನ ವಿಷಯವನ್ನು ಒಂದು ಪುಟದ ಪತ್ರದಲ್ಲಿ ಮುಗಿಸಿಕೊಳ್ಳಿ. ಬರಹ ಪತ್ರಿಕೆಯಲ್ಲಿ, ಅದರ ಡಿಜಿಟಲ್ ಆವೃತ್ತಿಯಲ್ಲಿ ಮತ್ತು ಮುಂದೆ ಪತ್ರಿಕೆ ತರಬಹುದಾದ ಸಂಕಲನದಲ್ಲಿ ಪ್ರಕಟವಾಗಬಹುದೇ, ಎಷ್ಟು ವರ್ಷ, ಉಳಿದ ಹಕ್ಕು ಯಾರದು ಎಂಬುದು ಅದರಲ್ಲಿರಲಿ. ಹಕ್ಕಿನ ವರ್ಗಾವಣೆಯಲ್ಲಿ ಅವಧಿ ಬರೆಯದಿದ್ದರೆ ಭಾರತದ ಕೃತಿಸ್ವಾಮ್ಯ ಕಾಯ್ದೆ ಅದನ್ನು ಐದು ವರ್ಷ ಎಂದು ಭಾವಿಸುತ್ತದೆ.

ಅಕ್ಷರಗಳ ಕಾಟ ಕನ್ನಡ ಪತ್ರಿಕೆಗೇ ವಿಶೇಷವಾದದ್ದು. ಒಬ್ಬರು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ, ಇನ್ನೊಬ್ಬರು ‘ಬರಹ’ ತಂತ್ರಾಂಶದಲ್ಲಿ, ಮತ್ತೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಯೂನಿಕೋಡ್‌ನಲ್ಲಿ, ಹಿರಿಯರು ಕೈಬರಹದ ಫೋಟೋದಲ್ಲಿ ಕಳುಹಿಸುತ್ತಾರೆ. ಎಲ್ಲವನ್ನೂ ಬಂದ ದಿನವೇ ಯಾವ ಕಂಪ್ಯೂಟರಿನಲ್ಲೂ ತೆರೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತಂದಿಟ್ಟುಕೊಳ್ಳಿ. ಪರಿವರ್ತನೆಯಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರುವುದು, ಒತ್ತು ಕಳಚುವುದು ಸಾಮಾನ್ಯವಾದ್ದರಿಂದ ಕರಡನ್ನು ಪರಿವರ್ತನೆಯ ನಂತರ ಓದಬೇಕೇ ಹೊರತು ಮುಂಚೆಯಲ್ಲ. ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಕಟ್ಟುವವರು ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆಯನ್ನು ಹಾಕಿಕೊಳ್ಳದಿದ್ದರೆ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ನಮ್ಮ ಒಂದು ಸಂಚಿಕೆಯಲ್ಲಿ ಹೊದಿಕೆಯ ಶೀರ್ಷಿಕೆಯೇ ಹೀಗೆ ಒಡೆದು ಬಂದಿತ್ತು. ಒಳಪುಟಗಳನ್ನು ಮೂರು ಸಲ ಓದಿದ್ದ ನಮ್ಮ ಕಣ್ಣಿಗೆ ದೊಡ್ಡ ಅಕ್ಷರದ ತಪ್ಪು ಬಿದ್ದಿರಲಿಲ್ಲ.

ಏಳನೆಯ ಹೆಜ್ಜೆ: ತಲುಪಿಸುವುದು ಮತ್ತು ನವೀಕರಣ

ಸಣ್ಣ ಪತ್ರಿಕೆ ಅಂಗಡಿಗಳಲ್ಲಿ ತೂಗುಹಾಕಿ ಮಾರುವ ಸರಕಲ್ಲ. ಏಜೆಂಟರಿಗೆ ಬೆಲೆಯ ಮೂರನೆಯ ಒಂದು ಭಾಗ ಕಮಿಷನ್ ಎಂದುಕೊಂಡರೂ, ಮಾರಾಟವಾಗದೆ ಹಿಂದಿರುಗುವ ಪ್ರತಿಗಳು ಮತ್ತು ತಿಂಗಳುಗಟ್ಟಲೆ ಬಾಕಿ ಉಳಿಯುವ ಹಣ ಸೇರಿ ಉಳಿಯುವುದು ಅಷ್ಟಕ್ಕಷ್ಟೆ. ವಿಷಯಕ್ಕೆ ಸಂಬಂಧಿಸಿದ ಹತ್ತು ಅಂಗಡಿಗಳನ್ನು ಆರಿಸಿ ತಲಾ ಐದು ಪ್ರತಿ ಕೊಟ್ಟರೆ ಸಾಕು. ಅಲ್ಲಿ ಕೊಂಡವರು ಮುಂದೆ ಚಂದಾದಾರರಾಗಬೇಕು, ಅದೇ ಆ ಪ್ರತಿಗಳ ಕೆಲಸ.

ಯುಪಿಐ ಬಂದ ಮೇಲೆ ಹಣ ಕಳುಹಿಸುವುದು ಸುಲಭವಾಗಿದೆ, ವಿಳಾಸ ಕಳುಹಿಸುವುದು ಮರೆತುಹೋಗಿದೆ. ಓದುಗರು ಕ್ಯೂಆರ್ ಸ್ಕ್ಯಾನ್ ಮಾಡಿ 600 ರೂಪಾಯಿ ಹಾಕುತ್ತಾರೆ. ನಿಮ್ಮ ಖಾತೆಯಲ್ಲಿ ಕಾಣುವುದು ಬ್ಯಾಂಕಿನವರು ಬರೆದ ಹೆಸರು ಮಾತ್ರ, ಅದು ಕೂಡ ಮಗನದ್ದೋ ಸೊಸೆಯದ್ದೋ ಆಗಿರುತ್ತದೆ. ಎರಡು ತಿಂಗಳ ನಂತರ ‘ದುಡ್ಡು ತೆಗೆದುಕೊಂಡು ಪತ್ರಿಕೆ ಕಳುಹಿಸಲಿಲ್ಲ’ ಎಂಬ ಫೋನು ಬರುತ್ತದೆ. ಕ್ಯೂಆರ್ ಕೆಳಗೆ ಹಣಕ್ಕಿಂತ ದೊಡ್ಡ ಅಕ್ಷರದಲ್ಲಿ ‘ವಿಳಾಸ ಮತ್ತು ಪಿನ್ ಕೋಡ್ ಈ ಸಂಖ್ಯೆಗೆ ಕಳುಹಿಸಿ’ ಎಂದು ಅಚ್ಚು ಹಾಕಿಸಿ, ಪ್ರತಿ ಶನಿವಾರ ಖಾತೆಯ ಜಮೆಗಳನ್ನೂ ವಿಳಾಸಗಳ ಪಟ್ಟಿಯನ್ನೂ ಎದುರುಬದುರು ಇಟ್ಟು ಹೊಂದಿಸಿ.

ರಿಯಾಯಿತಿ ಅಂಚೆಯಲ್ಲಿ ಹೋಗುವ ಪ್ರತಿಗೆ ಟ್ರ್ಯಾಕಿಂಗ್ ಇರುವುದಿಲ್ಲ. ತಲುಪಲಿಲ್ಲ ಎಂಬ ದೂರುಗಳನ್ನು ಪಿನ್ ಕೋಡ್ ಪ್ರಕಾರ ಬರೆದಿಟ್ಟುಕೊಂಡರೆ ತೊಂದರೆ ಯಾವ ಭಾಗದಲ್ಲಿದೆ ಎಂಬುದು ಮೂರು ತಿಂಗಳಲ್ಲಿ ಗೊತ್ತಾಗುತ್ತದೆ, ಮೇಲಿನ ಅಧಿಕಾರಿಗೆ ಪತ್ರ ಬರೆಯಲು ಆಧಾರವೂ ಸಿಗುತ್ತದೆ. ಕಟ್ಟುಗಳನ್ನು ಪಿನ್ ಕೋಡ್ ಪ್ರಕಾರ ವಿಂಗಡಿಸಿ ಒಯ್ಯಿರಿ. ಕರ್ನಾಟಕದೊಳಗಿನ ವಿಳಾಸ ಕನ್ನಡದಲ್ಲಿರಲಿ; ಮುಂಬೈ, ಚೆನ್ನೈ, ಹೈದರಾಬಾದಿನ ಕನ್ನಡಿಗರ ವಿಳಾಸ ಇಂಗ್ಲಿಷಿನಲ್ಲಿ ಇರದಿದ್ದರೆ ಅಲ್ಲಿನ ಅಂಚೆಯವರು ಓದುವುದು ಹೇಗೆ? ಕೊಲ್ಲಿ ದೇಶ, ಅಮೆರಿಕಗಳಲ್ಲಿರುವವರಿಗೆ ಮುದ್ರಿತ ಪ್ರತಿಯ ಅಂಚೆ ವೆಚ್ಚ ಚಂದಾವನ್ನೇ ಮೀರುವುದರಿಂದ ಡಿಜಿಟಲ್ ಪ್ರತಿಯನ್ನೇ ನೀಡುವುದು ಲೇಸು. ಆ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ಪುಟದ ಅಡಿಯಲ್ಲಿ ಚಂದಾದ ವಿವರವನ್ನು ಸೇರಿಸಿಬಿಡಿ.

ಪತ್ರಿಕೆಯ ಆಯುಷ್ಯ ನಿಜವಾಗಿ ನಿರ್ಧಾರವಾಗುವುದು ನವೀಕರಣದಲ್ಲಿ. 850 ಚಂದಾದಾರರಲ್ಲಿ ನೂರಕ್ಕೆ 70 ಮಂದಿ ನವೀಕರಿಸಿದರೆ ಉಳಿಯುವವರು 595. ಇದ್ದಲ್ಲೇ ನಿಲ್ಲಲು ವರ್ಷಕ್ಕೆ 255 ಹೊಸಬರನ್ನು ಹುಡುಕಬೇಕು. ನೂರಕ್ಕೆ 85 ಮಂದಿ ಉಳಿದರೆ ಬೇಕಾಗುವ ಹೊಸಬರು 128ರಷ್ಟು ಮಾತ್ರ. ಹೊಸ ಚಂದಾದಾರನಿಗಾಗಿ ಸಂತೆ, ಮೇಳ, ಸಭೆಗಳನ್ನು ಸುತ್ತುವ ಖರ್ಚಿನ ಪಕ್ಕದಲ್ಲಿ ನವೀಕರಣದ ಖರ್ಚು ಒಂದು ರಬ್ಬರ್ ಮುದ್ರೆಯದ್ದು. ಚಂದಾ ಮುಗಿಯುವ ತಿಂಗಳನ್ನು ಪ್ರತಿ ಸಲವೂ ವಿಳಾಸದ ಚೀಟಿಯಲ್ಲೇ ಅಚ್ಚು ಹಾಕಿ. ಎರಡು ಸಂಚಿಕೆ ಬಾಕಿ ಇರುವಾಗ ಒಂದು ಚೀಟಿ, ಕೊನೆಯ ಸಂಚಿಕೆಯ ಮೇಲೆ ಕೆಂಪು ಮುದ್ರೆ, ಆಮೇಲೆ ಒಂದು ಫೋನು. ಫೋನನ್ನು ಸಂಪಾದಕರೇ ಮಾಡಬೇಕು, ಹಣ ಕೇಳುವುದಕ್ಕಿಂತ ಮೊದಲು ಪೆಟ್ಟಿಗೆಗಳು ಹೇಗಿವೆ ಎಂದು ಕೇಳಬೇಕು. ಅರ್ಧ ಲೇಖನಗಳು ನನಗೆ ಸಿಕ್ಕಿದ್ದು ಇಂತಹ ಕರೆಗಳಲ್ಲಿ. ಚಂದಾ ಮುಗಿದವರಿಗೆ ಸಂಕೋಚದಿಂದ ಆರಾರು ತಿಂಗಳು ಉಚಿತವಾಗಿ ಕಳುಹಿಸುತ್ತಾ ಹೋಗುವುದು ಮಾತ್ರ ಬೇಡ. ಒಂದು ಸಂಚಿಕೆ ಹೆಚ್ಚಿಗೆ ಕಳುಹಿಸಿ ನಿಲ್ಲಿಸಿ.

ಜಾಹೀರಾತಿನ ಬಗ್ಗೆ ಸ್ವಲ್ಪ

1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ತೆಗೆದುಕೊಳ್ಳದೆ ಓದುಗರ ಹಣದಿಂದ ನಡೆಯಿತು. ಅದು ಸಾಧ್ಯವಾದದ್ದು ದೊಡ್ಡ ಪ್ರಸಾರದಿಂದ. ಸಣ್ಣ ಪತ್ರಿಕೆಗೆ ಜಾಹೀರಾತು ಬೇಕು, ಆದರೆ ಕೊರತೆ ತುಂಬುವಷ್ಟು ಮಾತ್ರ. ಪೆಟ್ಟಿಗೆ ಮಾಡುವವರು, ತುಪ್ಪ ತೆಗೆಯುವ ಯಂತ್ರ ಮಾರುವವರು, ನರ್ಸರಿಯವರು ವರ್ಷಪೂರ್ತಿ ಕೊಡುವ ಚಿಕ್ಕ ಜಾಹೀರಾತುಗಳು ದೀಪಾವಳಿ ವಿಶೇಷಾಂಕಕ್ಕೆ ಸಹಕಾರ ಸಂಘಗಳು ಕೊಡುವ ಶುಭಾಶಯದ ಪುಟಗಳಿಗಿಂತ ಮೇಲು, ಏಕೆಂದರೆ ಅವನ್ನು ಓದುಗರು ಓದುತ್ತಾರೆ. ಹಣ ಮೊದಲು, ಪ್ರಕಟಣೆ ಆಮೇಲೆ. ನನ್ನ ಪತ್ರಿಕೆಗೆ ಪೂರ್ಣ ಪುಟದ ಜಾಹೀರಾತು ಕೊಟ್ಟ ಕಚೇರಿಯೊಂದು ಬಿಲ್ಲು ಪಾವತಿಸಲು ಹದಿನಾಲ್ಕು ತಿಂಗಳು ತೆಗೆದುಕೊಂಡಿತು, ಆ ಹಣದ ಭರವಸೆಯಲ್ಲಿ ನಾನು ಹೆಚ್ಚು ಪುಟಗಳ ಸಂಚಿಕೆ ತಂದಿದ್ದೆ. ಯಾವ ಒಂದು ಜಾಹೀರಾತುದಾರರ ಪಾಲೂ ಒಟ್ಟು ಆದಾಯದ ಹತ್ತನೆಯ ಒಂದು ಭಾಗವನ್ನು ಮೀರದಿರಲಿ. ಮೀರಿದರೆ ಅವರ ಯಂತ್ರದ ದೋಷದ ಕುರಿತು ಬಂದ ಓದುಗರ ಪತ್ರವನ್ನು ಹಾಕಲು ಕೈ ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ಪೂರಕ ಆದಾಯಗಳಿವೆ: ಹಳೆಯ ಸಂಚಿಕೆಗಳ ಪ್ರಶ್ನೋತ್ತರಗಳನ್ನು ಸೇರಿಸಿದ ಪುಸ್ತಕ, ವರ್ಷಕ್ಕೆ ಎರಡು ದಿನಗಳ ತರಬೇತಿ, ಓದುಗರ ವಾರ್ಷಿಕ ಕೂಟ.

ನಿಲ್ಲಿಸಬೇಕಾಗಿ ಬಂದರೆ

ಪತ್ರಿಕೆಯನ್ನು ನಿಲ್ಲಿಸುವ ಕ್ರಮವನ್ನೂ ಆರಂಭದಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಚಂದಾ ಖಾತೆಯಲ್ಲಿ ಇರುವ ಹಣ, ಕಳುಹಿಸಬೇಕಾಗಿರುವ ಸಂಚಿಕೆಗಳ ಬೆಲೆಗಿಂತ ಕಡಿಮೆಯಾದ ತಿಂಗಳು ಹೊಸ ಚಂದಾ ಸ್ವೀಕರಿಸುವುದನ್ನು ನಿಲ್ಲಿಸಿ, ಎರಡು ತಿಂಗಳೊಳಗೆ ಕೊರತೆಯನ್ನು ಸ್ವಂತ ಹಣದಿಂದ ತುಂಬಲು ಆಗುತ್ತದೆಯೇ ಎಂದು ನೋಡಬೇಕು. ಆಗದಿದ್ದರೆ ಕೊನೆಯ ಸಂಚಿಕೆಯಲ್ಲಿ ಕಾರಣವನ್ನೂ ಲೆಕ್ಕವನ್ನೂ ಪ್ರಕಟಿಸಿ, ಉಳಿದ ತಿಂಗಳುಗಳ ಹಣವನ್ನು ಪ್ರತಿ ಚಂದಾದಾರರಿಗೆ ಹಿಂದಿರುಗಿಸಬೇಕು. ಹಣ ಬೇಡವೆನ್ನುವವರಿಗೆ ಅದೇ ಬೆಲೆಯ ಹಳೆಯ ಸಂಚಿಕೆಗಳ ಕಟ್ಟನ್ನು ಕೊಡಬಹುದು. ನೋಂದಣಿ ಕಚೇರಿಗೂ ಅಂಚೆ ಅಧೀಕ್ಷಕರಿಗೂ ಪ್ರಕಟಣೆ ನಿಂತಿರುವುದನ್ನು ತಿಳಿಸಬೇಕು. ಒಂದು ಪೂರ್ಣ ಸೆಟ್ಟನ್ನು ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕಟ್ಟು ಹಾಕಿಸಿ ಕೊಟ್ಟು, ಯೂನಿಕೋಡ್ ಕಡತಗಳ ಒಂದು ಪ್ರತಿಯನ್ನು ಲೇಖಕರಲ್ಲಿ ಒಬ್ಬರ ಬಳಿ ಇರಿಸಿ. ಚಂದಾದಾರರ ವಿಳಾಸಗಳ ಪಟ್ಟಿಯನ್ನು ಕೊಂಡುಕೊಳ್ಳಲು ಯಾರಾದರೂ ಬಂದೇ ಬರುತ್ತಾರೆ, ಸಾಮಾನ್ಯವಾಗಿ ಗೊಬ್ಬರದ ವ್ಯಾಪಾರಿಗಳು. ಓದುಗರನ್ನು ಕೇಳದೆ ಆ ಪಟ್ಟಿಯನ್ನು ಯಾರಿಗೂ ಕೊಡಬೇಡಿ.